ತೊಳೆಯದೆ ತಂದ ಕಾಲು

ದುಬಲಗುಂಡಿಯ ಕಾಂತಾಬಾಯಿಯಷ್ಟು ಶುಚಿಯಾದ ಹೆಂಗಸನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆಕೆಯ ಮಗ ಅಂಬಾದಾಸ ನನ್ನ ಕೈಯಲ್ಲಿ ಓದಿದವನು. ಉಳಿದ ಹುಡುಗರು ಮೂಗು ಸುರಿಸಿಕೊಂಡು ಬರುತ್ತಿದ್ದರೆ, ಇವನ ಉಗುರಿನ ಸಂದಿಯಲ್ಲಿಯೂ ಮಣ್ಣು ಇರುತ್ತಿರಲಿಲ್ಲ. ಒಮ್ಮೆ ಅದನ್ನು ಹೊಗಳಿದಾಗ ಕಾಂತಾಬಾಯಿ ನಗುತ್ತ ಹೇಳಿದಳು: “ನಮ್ಮನ್ನ ದೂರ ನಿಂದರಿಸಾಕ ಮಂದಿ ಕಾರಣ ಹುಡುಕತಾರ್ರಿ ಮಾಸ್ತರ್ರೆ. ನಾವೇ ಯಾಕ ಒಂದು ಕಾರಣ ಕೊಡೂದು?”

ಅಂಥವಳ ಬಲಗಾಲು ಕೊಳೆಯತೊಡಗಿತು.

ಅವಳು ಕೂಲಿಯವಳು. ತೊಗರಿ, ಜೋಳ, ಕಡಲೆ ಎಂದು ವರ್ಷವಿಡೀ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದಳು. ಬೆಳೆಯೊಳಗೆ ಚಪ್ಪಲಿ ಮೆಟ್ಟಿ ಇಳಿಯಬಾರದೆಂದು ಅವಳ ಅತ್ತೆ ಕಲಿಸಿದ್ದಳು. ಆದುದರಿಂದ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿಯೇ ಇಳಿಯುತ್ತಿದ್ದಳು. ಯಾವಾಗಲೋ ಒಂದು ಜಾಲಿಯ ಮುಳ್ಳು ಅಂಗಾಲಿಗೆ ಹೊಕ್ಕಿತು. ಪಿನ್ನಿನಿಂದ ಕಿತ್ತೆಸೆದಳು, ಮರೆತಳು. ಮುಂದೆ ಎಷ್ಟೋ ಕಾಲದ ಮೇಲೆ ಅಲ್ಲೊಂದು ಗಂಟು ಎದ್ದಿತು. ನೋವಿರಲಿಲ್ಲ. ನೋವಿಲ್ಲದ್ದನ್ನು ಕೂಲಿಯವರು ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟು ಒಡೆಯಿತು, ಸೋರಿತು, ಮುಚ್ಚಿತು. ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯಿತು. ಬೇವಿನ ಎಲೆ ಅರೆದು ಕಟ್ಟಿದ್ದಾಯಿತು, ಸೀಮೆಎಣ್ಣೆ ಸುರಿದದ್ದಾಯಿತು, ಔಷಧದ ಅಂಗಡಿಯವನು ಕೊಟ್ಟ ಮುಲಾಮುಗಳೂ ಮುಗಿದವು. ಕಾಲು ಮಾತ್ರ ಉಬ್ಬುತ್ತಲೇ ಹೋಯಿತು. ಕೊನೆಗೆ ದೂರದ ಊರಿನ ಒಂದು ಆಸ್ಪತ್ರೆಯಲ್ಲಿ, “ಕಾಲಿನ ಗಿಣ್ಣಿನ ಮೇಲಕ್ಕೆ ಕತ್ತರಿಸಿಬಿಡುವುದು ಒಳ್ಳೆಯದು” ಎಂದು ಹೇಳಿ ಕಳುಹಿಸಿದರು.

ಕತ್ತರಿಸುವ ಮೊದಲು ಒಮ್ಮೆ ತೋರಿಸೋಣವೆಂದು ಅಂಬಾದಾಸ ತಾಯಿಯನ್ನು ಬಸವಕಲ್ಯಾಣಕ್ಕೆ, ಚರ್ಮದ ವೈದ್ಯೆ ಗಜಾಲಾ ಅವರ ಬಳಿಗೆ ಕರೆದೊಯ್ದನು. ಕಾಂತಾಬಾಯಿ ಹೊರಡುವ ಮೊದಲು ಬಿಸಿನೀರು ಕಾಯಿಸಿ, ಸಾಬೂನು ಹಚ್ಚಿ, ಒಂದೊಂದು ತೂತನ್ನೂ ಹಿಂಡಿ ಹಿಂಡಿ ತೊಳೆದಳು. ಹಳೆಯ ಬಿಳಿ ಸೀರೆ ಹರಿದು ಕಟ್ಟಿದಳು. ಮೇಲೆ ಮುಖದ ಪೌಡರನ್ನೂ ಚಿಮುಕಿಸಿದಳು.

ಗಜಾಲಾ ಅವರು ಪಟ್ಟಿ ಬಿಚ್ಚಿ, ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, ಒತ್ತಿದರು. ಏನೂ ಬರಲಿಲ್ಲ.

“ಭಾಳ ಚಂದ ತೊಳ್ಕೊಂಡು ಬಂದೀರಿ ಆಯಿ,” ಎಂದರು. “ನಾ ನೋಡಬೇಕಾದದ್ದು ಎಲ್ಲಾ ನಿಮ್ಮ ಮೋರಿಗಿ ಹೋಗ್ಯದ.”

“ಹೊಲಸು ಕಾಲು ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿರಿ?”

“ಹೊಲಸೇ ಬೇಕು ನನಗ. ಈ ತೂತಿನ್ಯಾಗಿಂದ ಸಣ್ಣ ಕಾಳು ಬರ್ತಾವಲ್ಲ, ಅವು ಬೇಕು. ಹಳೀ ರೊಟ್ಟಿಗಿ ಬೂಸ್ಟು ಬರ್ತದ ನೋಡ್ರಿ, ಅಂಥದೇ ಒಂದು ಜಾತಿ ಬೂಸ್ಟು ಮಣ್ಣಿನ್ಯಾಗ ಇರ್ತದ. ಮುಳ್ಳಿನ ಸಂಗಾಟ ಒಳಗ ಹೋಗಿ ಮನಿ ಮಾಡ್ತದ. ಬ್ಯಾರೆ ಒಂದು ಕ್ರಿಮಿನೂ ಹಿಂಗೇ ಮಾಡ್ತದ. ನೋಡಾಕ ಎರಡೂ ಒಂದೇ, ಔಷಧ ಬ್ಯಾರೆ ಬ್ಯಾರೆ. ಕಾಳು ಪರೀಕ್ಷೆ ಮಾಡದೆ ಗುಳಿಗಿ ಕೊಟ್ಟರ ಕತ್ತಲದಾಗ ಕಲ್ಲು ಒಗದಂಗ.”

ಅವರೇ ಸ್ವಚ್ಛವಾದ ಅರಿವೆಯ ಪಟ್ಟಿ ಕಟ್ಟಿ, ಎರಡು ದಿನ ಬಿಚ್ಚದೆ, ತೋಯಿಸದೆ ಹಾಗೆಯೇ ಬರಬೇಕೆಂದು ಹೇಳಿ ಕಳುಹಿಸಿದರು. ಕಾಂತಾಬಾಯಿ ಹೂಂಗುಟ್ಟಿದಳು. ಎರಡು ದಿನ ಬಿಟ್ಟು ಬಂದಾಗ ಕಾಲನ್ನು ಹಿಂದಿನಂತೆಯೇ ಬೆಳ್ಳಗೆ ತೊಳೆದಿದ್ದಳು. ಪಟ್ಟಿಯನ್ನು ಒಲೆಗೆ ಹಾಕಿದ್ದಳು.

ಗಜಾಲಾ ಅವರಿಗೆ ಸಿಟ್ಟು ಬಂದಿತು. “ಕಾಲು ಬೇಕೋ ಬ್ಯಾಡೋ ನಿಮಗ? ಎಲುಬಿಗಿ ಪೂರಾ ಇಳೀತಂದ್ರ ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ.”

“ಈ ನಾತ ಕಟಗೊಂಡು ಎರಡು ಬಸ್ ಹತ್ತೂದಕಿಂತ ಕಾಲು ಹೋದರ ಹೋಗ್ಲಿ ಬಿಡ್ರಿ,” ಎಂದಳಂತೆ ಕಾಂತಾಬಾಯಿ.

ವೈದ್ಯೆಯು ಮತ್ತೊಮ್ಮೆ ಪಟ್ಟಿ ಕಟ್ಟಿ ಕಳುಹಿಸಿದರು. ಅಂಬಾದಾಸ ಜಹೀರಾಬಾದಿನ ಕಡೆಗೆ ಟೆಂಪೋ ಓಡಿಸುವವನು. ದಿನಾಲೂ ರಜೆ ಸಿಗುವುದಿಲ್ಲ. ಹುಮನಾಬಾದಿನಲ್ಲಿರುವ ನನಗೆ ಫೋನು ಮಾಡಿದನು: “ನೀವು ಸಂಗಾಟ ಹೋದ್ರ ಅವ್ವ ದಾರಿಯೊಳಗ ಬಿಚ್ಚೂದಿಲ್ರಿ ಸರ್. ನಿಮಗ ಅಂಜತಾಳ.” ಅವಳು ಯಾರಿಗೂ ಅಂಜುವವಳಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೋದೆನು.

ಮುಂಜಾನೆ ನಾನು ಮುಟ್ಟುವಷ್ಟರಲ್ಲಿ ಬಚ್ಚಲ ಮುಂದೆ ಜಗಳ ನಡೆದಿತ್ತು. ಕಾಂತಾಬಾಯಿ ತಂಬಿಗೆ ಹಿಡಿದು ನಿಂತಿದ್ದಳು. ಸೊಸೆ ವಿಶಾಖಾ ಬಾಗಿಲಿಗೆ ಅಡ್ಡಲಾಗಿ, ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದಳು.

“ಮ್ಯಾಲಿಂದ ಮ್ಯಾಲೆ ಜರಾ ಒರೆಸಿಕೋತೀನಿ. ಬದಿಗಿ ಸರಿ ನೀ.”

“ಒಂದು ಹನಿ ನೀರು ಬಿದ್ದರ ನಾ ತವರಿಗಿ ಹೋಗಾಕಿ.”

“ಹೋಗು. ನಿನಗ ಹೇಸಿಕಿ ಬರಾಕತ್ತದ, ನನಗ ಗೊತ್ತದ.”

“ಹೌದ್ರಿ ಅತ್ತಿ, ಬರಾಕತ್ತದ. ಎರಡು ದಿನ ಆತು ಒಂದು ತುತ್ತು ಗಂಟಲದಾಗ ಇಳಿದಿಲ್ಲ. ನಾಳಿ ಈ ಕಾಲು ಹೋದರ ನಿಮ್ಮನ್ನ ಹೊತಗೊಂಡು ಬಚ್ಚಲಕ ಒಯ್ಯೂದು ಯಾರು? ನಿಮ್ಮ ಮಗ ಟೆಂಪೋದಾಗ ಒಯ್ತಾನೇನು? ಇವತ್ತೊಂದು ದಿನ ನಾತ ತಡಕೋತೀನಿ, ಹಂಗೇ ನಡೀರಿ.”

ಕಾಂತಾಬಾಯಿ ತಂಬಿಗೆ ಕೆಳಗಿಟ್ಟಳು. ವಿಶಾಖಾಳೂ ನಮ್ಮ ಸಂಗಡ ಹೊರಟಳು.

ಆ ವಾಸನೆಯನ್ನು ಹೇಗೆ ಬರೆಯಲಿ? ತೊಯ್ದ ಗೋಣಿಚೀಲದೊಳಗೆ ಇಲಿ ಸತ್ತು, ಮೇಲೆ ಯಾರೋ ಹುಳಿ ಮಜ್ಜಿಗೆ ಚೆಲ್ಲಿದಂತೆ ಇತ್ತು. ಪಟ್ಟಿಯು ಹಳದಿಯಾಗಿ, ಅಲ್ಲಲ್ಲಿ ಕಂದಾಗಿ, ಅಂಚಿನಲ್ಲಿ ಒಣಗಿ ರಟ್ಟಿನಂತೆ ಗಟ್ಟಿಯಾಗಿತ್ತು. ನೊಣಗಳು ಮನೆಯಿಂದ ಬಸ್ ನಿಲ್ದಾಣದವರೆಗೂ ನಮ್ಮ ಜೊತೆಗೇ ಬಂದವು. ಓಡಿಸಿದರೆ ಎದ್ದು, ಮತ್ತೆ ಅಲ್ಲಿಯೇ ಕೂಡುತ್ತಿದ್ದವು. ನಾನು ಟವಲನ್ನು ಮೂಗಿಗೆ ಹಿಡಿದು, ಧೂಳಿಗೆ ಹಿಡಿದವನಂತೆ ನಡೆದೆನು.

ಹುಮನಾಬಾದಿನ ಬಸ್ಸು ತುಂಬಿತ್ತು. ಕಾಂತಾಬಾಯಿ ಕೊನೆಯ ಸೀಟಿನ ಮೂಲೆಯಲ್ಲಿ ಕುಳಿತು, ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಇಳಿಬಿಟ್ಟು ಕಿಟಕಿಯತ್ತ ಮುಖ ತಿರುಗಿಸಿದಳು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಮುಂದಿನವರು ಒಬ್ಬೊಬ್ಬರಾಗಿ ಹಿಂತಿರುಗಿ ನೋಡತೊಡಗಿದರು. ಒಬ್ಬಾಕೆ ಕೂಸಿನ ಮೂಗು ಮುಚ್ಚಿದಳು. ನಮ್ಮ ಮುಂದಿನ ಸೀಟಿನಲ್ಲಿ ಬಿಸ್ಮಿಲ್ಲಾ ಬೀ ಎಂಬ ಮುದುಕಿ, ಸಂತೆಗೆ ಒಯ್ಯುವ ಒಣಮೀನಿನ ಬುಟ್ಟಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಎಲ್ಲರ ಕಣ್ಣೂ ಆ ಬುಟ್ಟಿಯ ಮೇಲೆ ಬಿದ್ದಿತು.

“ಏ ಬೀ, ಏನು ಕೊಳಸಿ ತಂದೀದಿ?” ಎಂದನು ದಪ್ಪ ಮೀಸೆಯ ಒಬ್ಬ ರೈತ. “ಮನಷಾರು ಕೂಡೂ ಗಾಡಿ ಅದ ಇದು.”

“ನನ್ನ ಮೀನು ಖಡಕ್ ಒಣಗ್ಯಾವ. ಮೂಸಿ ನೋಡು ಬಾ.”

“ಮೂಸೂದೇನು, ಹುಡಗಿ ಊರಿನ ತನಕ ನಾತ ಹೊಡ್ಯಾಕತ್ತದ. ಕಂಡಕ್ಟರ್, ಇಳಿಸ್ರಿ ಈ ಬುಟ್ಟಿ.”

ಕಂಡಕ್ಟರನು ಸೀಟಿ ಊದಿದನು. ಬಸ್ಸು ನಿಂತಿತು. ಸುತ್ತಲೂ ಬರೀ ಹೊಲ. ಬಿಸ್ಮಿಲ್ಲಾ ಬೀ ಬುಟ್ಟಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು, ಸಂತೆ ತಪ್ಪಿದರೆ ಇಂದಿನ ಒಲೆ ಹತ್ತುವುದಿಲ್ಲವೆಂದು ಅಂಗಲಾಚತೊಡಗಿದಳು. ನಾನು ಕಾಂತಾಬಾಯಿಯತ್ತ ನೋಡಿದೆನು. ಅವಳು ಸುಮ್ಮನೆ ಕುಳಿತಿದ್ದರೆ ಮುದುಕಿ ಇಳಿಯುತ್ತಿದ್ದಳು. ವಾಸನೆ ಯಾರದೆಂದು ಹುಮನಾಬಾದಿನವರೆಗೆ ಯಾರೂ ಕೇಳುತ್ತಿರಲಿಲ್ಲ.

“ಮೀನಿಂದಲ್ರಿ ಅದು,” ಎಂದಳು ಕಾಂತಾಬಾಯಿ.

ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ನಿಂತು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ, ಆ ಪಟ್ಟಿ ಕಟ್ಟಿದ ಕಾಲನ್ನು ನಡುದಾರಿಯಲ್ಲಿ ಇಟ್ಟಳು.

“ನನ್ನ ಕಾಲಿಂದು. ಒಳಗ ಬೂಸ್ಟು ಹಿಡಿದದ. ತೊಳೀಬ್ಯಾಡ ಅಂದಾರ ಡಾಕ್ಟರಮ್ಮ, ಹಂಗೇ ಕಲ್ಯಾಣಕ ಒಯ್ಯಾಕತ್ತೀನಿ. ಇಳಿಸೂದಿದ್ದರ ನನ್ನ ಇಳಿಸ್ರಿ, ಆಕೀದೇನು ತಪ್ಪು?”

ನೋಡಿದವರು ಮುಖ ಕಿವುಚಿದರು. ಹಿಂದಿನ ಸೀಟುಗಳಲ್ಲಿದ್ದವರು ಎದ್ದು ಮುಂದಕ್ಕೆ ಒತ್ತಿಕೊಂಡರು. ಮೀಸೆಯವನು ಕಿಟಕಿಯಿಂದ ಹೊರಗೆ ಉಗುಳಿ, ಮತ್ತೆ ಒಳಗೆ ನೋಡಲಿಲ್ಲ. ಯಾರೂ ಮರುಕದ ಮಾತಾಡಲಿಲ್ಲ, ಹೇಸಿಗೆಯನ್ನು ಮುಚ್ಚಿಕೊಳ್ಳಲೂ ಇಲ್ಲ. ಕಂಡಕ್ಟರನು ಆ ಕಾಲನ್ನು ಒಮ್ಮೆ, ರಸ್ತೆಯನ್ನು ಒಮ್ಮೆ ನೋಡಿ, “ಕೂಡು ಆಯಿ, ಕೂಡು,” ಎಂದು ಎರಡು ಸೀಟಿ ಹೊಡೆದನು.

ಬಿಸ್ಮಿಲ್ಲಾ ಬೀ ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಹಿಂದಕ್ಕೆ ಬಾಗಿ ಪಟ್ಟಿಯನ್ನು ನೋಡಿ, ಮುಖ ಸಿಂಡರಿಸಿ, “ಯಾ ಅಲ್ಲಾ, ನನ್ನ ಮೀನಿನ ಹೆಸರು ಕೆಡಿಸಿದ್ದಿ ನೋಡವ್ವ,” ಎಂದಳು. ಕಾಂತಾಬಾಯಿ ನಕ್ಕಳು. ಅಷ್ಟರಲ್ಲಿ ವಿಶಾಖಾ ಕಿಟಕಿಯ ಹೊರಗೆ ತಲೆ ಹಾಕಿ ವಾಂತಿ ಮಾಡಿಕೊಳ್ಳುತ್ತಿದ್ದಳು.

ಕಲ್ಯಾಣದ ಬಸ್ಸಿನಲ್ಲಿ ಕಾಂತಾಬಾಯಿ ತಾನಾಗಿಯೇ ಕಂಡಕ್ಟರನಿಗೆ ಹೇಳಿ, ಬಾಗಿಲ ಬಳಿಯ ಸೀಟನ್ನು ಕೇಳಿ ಪಡೆದಳು.

ಆಸ್ಪತ್ರೆಯಲ್ಲಿ ಗಜಾಲಾ ಅವರು ಪಟ್ಟಿಯನ್ನು ಮೆಲ್ಲಗೆ ಸುಲಿದರು. ಅದು ಚರ್ಮಕ್ಕೆ ಅಂಟಿ ಚರಚರ ಎಂದು ಬಿಡುತ್ತ ಬಂದಿತು. ಒಳಗಡೆ, ಅಂಟು ಕೀವಿನಲ್ಲಿ, ಕರಿಯ ಸಣ್ಣ ಕಾಳುಗಳು ಸಾಲುಗಟ್ಟಿ ಹತ್ತಿಕೊಂಡಿದ್ದವು, ಥೇಟು ಗುರೆಳ್ಳಿನಂತೆ. ಅಂಗಾಲು ನಾದಿಟ್ಟ ಹಿಟ್ಟಿನ ಮುದ್ದೆಯಂತೆ ಊದಿ, ಮೈತುಂಬ ತೂತು ಬಿದ್ದು, ಒಂದೊಂದು ತೂತಿನ ಬಾಯಿಗೂ ಕೆಂಪು ಮಾಂಸ ಮೊಗ್ಗಿನಂತೆ ಉಕ್ಕಿ ನಿಂತಿತ್ತು. ವೈದ್ಯೆಯು ಪಕ್ಕದಲ್ಲಿ ಒತ್ತಿದರು. ಪಿಚಕ್ಕೆಂದು ಕಂದು ನೀರಿನೊಡನೆ ಇನ್ನೂ ನಾಲ್ಕಾರು ಕಾಳು ಹೊರಬಿದ್ದವು. ಗುರೆಳ್ಳಿನ ಚಟ್ನಿಪುಡಿಯಿಲ್ಲದೆ ರೊಟ್ಟಿ ಮುಟ್ಟದವನು ನಾನು. ಅಂದಿನಿಂದ ಅದನ್ನು ಬಿಟ್ಟಿದ್ದೇನೆ.

“ಶಾಬಾಸ್ ಆಯಿ,” ಎಂದರು ಗಜಾಲಾ. ಅವರ ಮುಖದಲ್ಲಿ ಮಾತ್ರ ಹೇಸಿಗೆಯ ಗೆರೆಯೂ ಇರಲಿಲ್ಲ. ಚಿಮಟದಿಂದ ಕಾಳುಗಳನ್ನು ಆರಿಸಿ ಸಣ್ಣ ಶೀಶೆಗಳಿಗೆ ಹಾಕಿ, ಒಂದನ್ನು ಗಾಜಿನ ಮೇಲೆ ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬೂಸ್ಟೇ ಎಂದು ಅಲ್ಲಿಯೇ ಹೇಳಿದರು. ಹೊರಗೆ ಕಳುಹಿಸಿದ ಪರೀಕ್ಷೆಯೂ ಕೆಲವು ವಾರಗಳ ಮೇಲೆ ಅದನ್ನೇ ಹೇಳಿತು. ಎಕ್ಸ್‌ರೇ ತೆಗೆಸಿದಾಗ ಎಲುಬಿಗೆ ಬೂಸ್ಟು ಒಂದೇ ಕಡೆ ಹತ್ತಿರುವುದು ಕಂಡಿತು. ಕಾಲು ಕತ್ತರಿಸುವ ಮಾತು ಅಲ್ಲಿಗೆ ನಿಂತಿತು.

ನಿಂತರೂ ಸುಲಭವೇನೂ ಆಗಲಿಲ್ಲ. ವರ್ಷ ಮೀರಿ ಬೂಸ್ಟಿನ ಗುಳಿಗೆ ನುಂಗಬೇಕಾಯಿತು. ಗುಳಿಗೆಯಿಂದ ಯಕೃತ್ತಿಗೆ ಪೆಟ್ಟಾಗದಂತೆ ಆಗಾಗ ರಕ್ತ ಪರೀಕ್ಷೆ. ನಡುವೆ ಕಲಬುರ್ಗಿಯಲ್ಲಿ ಗಂಟನ್ನು ಕೆರೆದು ತೆಗೆದರು. ಮನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದವಳು ವಿಶಾಖಾ. ದಿನಾಲೂ ಮೂಗಿಗೆ ಅರಿವೆ ಬಿಗಿದು, ದಿನಾಲೂ ಬಯ್ಯುತ್ತ, ಒಂದು ದಿನವೂ ತಪ್ಪಿಸದೆ ಕಟ್ಟಿದಳು. ಅವಳ ಹೇಸಿಗೆ ಕೊನೆಯವರೆಗೂ ಹೋಗಲಿಲ್ಲ.

ಕಳೆದ ತಿಂಗಳು ಹೋಗಿದ್ದೆನು. ರಾಜೇಶ್ವರದಲ್ಲಿ ತಮ್ಮನ ಮಗಳ ನಿಶ್ಚಯವಿದೆ, ಮೂವರೂ ಕೂಡಿ ಹೋಗೋಣವೆಂದು ಕಾಂತಾಬಾಯಿ ಹೇಳಿ ಕಳುಹಿಸಿದ್ದಳು. ಅಂಗಳದಲ್ಲಿ ಕುಳಿತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಂಗಾಲಿನ ಒಂದು ಬದಿ ಹಂದಿ ಕಡಿದು ಬಿಟ್ಟ ಗೆಣಸಿನಂತೆ ತಗ್ಗಾಗಿ, ಚರ್ಮ ಕಪ್ಪಾಗಿ ಸುಕ್ಕುಗಟ್ಟಿತ್ತು. ನಾನು ತಟ್ಟನೆ ಬೇರೆ ಕಡೆಗೆ ನೋಡಿದೆನು.

“ನೋಡಬ್ಯಾಡ್ರಿ ಮಾಸ್ತರ್ರೆ, ನೋಡಾಕ ಬರೂಹಂಗಿಲ್ಲ ಅದು,” ಎಂದಳು. “ಚಂದ ಅದ ಅನ್ನಾಕಿ ಡಾಕ್ಟರಮ್ಮ ಒಬ್ಬಾಕೀನೇ.”

ವೈದ್ಯೆ ಹಾಕಿಕೊಳ್ಳಲು ಹೇಳಿದ್ದ ಬೂಟು ಏರಿಸಿ, ಗೋಡೆ ಹಿಡಿಯದೆ ಎದ್ದಳು. ಬಸ್ಸಿನ ಸದ್ದು ಕೇಳಿಸಿತು. ಕುಂಟುತ್ತಲೇ ಅವಳು ದಾಪುಗಾಲು ಹಾಕಿ ಹೊರಟುಬಿಟ್ಟಳು. “ಅತ್ತಿ, ಜರಾ ನಿಂದರ್ರಿ,” ಎಂದು ವಿಶಾಖಾ ಕೂಗಿದರೂ ನಿಲ್ಲಲಿಲ್ಲ. ನಾವಿಬ್ಬರೂ ಅವಳ ಹಿಂದೆ ಓಡಬೇಕಾಯಿತು.