ಪಕ್ಕದ ಮನೆಯ ಫೋನ್ ನಂಬರು

ಮೇಜಿನ ಮೇಲ್ಗಡೆ ನೋಡಿದರೆ ಗಂಜಿ ಹಾಕಿದ ಕಾಟನ್ ಸೀರೆ, ಕತ್ತಿನಲ್ಲಿ ಎಕ್ಸಿಬಿಷನ್ ಬ್ಯಾಡ್ಜು, ಬೆಳಗ್ಗೆಯಿಂದ ಹಾಕಿಕೊಂಡೇ ಇದ್ದ ನಗು. ಮೇಜಿನ ಕೆಳಗೆ ಬಗ್ಗಿದರೆ ಚಪ್ಪಲಿ ಕಳಚಿದ ಎರಡು ಊದಿದ ಪಾದ, ಜನರೇಟರ್ ಕಂಪನಿಯವರ ಬ್ರೋಷರ್ ಕಟ್ಟಿನ ಮೇಲೆ. ನಮ್ಮ ಮೇಡಂ ಅಂದರೆ ನನಗೆ ಮೊದಲು ನೆನಪಾಗುವುದು ಈ ಕೆಳಗಿನ ಅರ್ಧ.

ಇಂದಿರಾನಗರದ ಬೇಕರಿಯೊಂದರ ಮೇಲಿನ ಎರಡು ಕೋಣೆ ಅವರ ಆಫೀಸು. ವಿದ್ಯುತ್ ಕಂಪನಿಗಳಿಗೆ ಆಪರೇಟರು, ಫಿಟ್ಟರು, ಎಂಜಿನಿಯರುಗಳನ್ನು ಹುಡುಕಿಕೊಡುವುದು ಕೆಲಸ. ಧಾರವಾಡದವರು. ಇಪ್ಪತ್ತು ವರ್ಷ ಜೀವನ್ ಬಿಮಾ ನಗರದಲ್ಲಿದ್ದರೂ ಮಾತು ಮಾತ್ರ ಧಾರವಾಡದಿಂದ ಬಸ್ಸು ಹತ್ತಿರಲಿಲ್ಲ. ಅವರ ಸಹಾಯಕನಾಗಿದ್ದ ಹಲಸೂರಿನ ನನಗೆ ಅದು ಹಬ್ಬ. ಅವರು ಬೆನ್ನು ತಿರುಗಿಸಿದರೆ ಸಾಕು, ಅವರ ದನಿ ಎತ್ತಿ ನಾನು ಮೇಡಂ ಆಗಿಬಿಡುತ್ತಿದ್ದೆ. ಒಂದು ದಿನ ಹಿಂದೆಯೇ ನಿಂತು ಕೇಳಿಸಿಕೊಂಡರು. "ಛಲೋ ಮಾಡ್ತಿ. ಆದ್ರ ನಾ ಇಷ್ಟು ಚುರುಕಿಲ್ಲಪಾ, ಇನ್ನಷ್ಟು ದಣಿವು ಹಾಕು" ಅಂದರು.

ಅವರದೊಂದು ಹಟ: ಆಗದವರಿಗೆ ಆಗುವುದಿಲ್ಲ ಅಂತ ಅಲ್ಲೇ, ಮುಖ ನೋಡಿ ಹೇಳಬೇಕು. "ಆಗಂಗಿಲ್ಲಪಾ. ನಮ್ಮ ಹಾದಿ ಕಾಯಬ್ಯಾಡ, ಬ್ಯಾರೆ ಕಡೆ ನೋಡು." ವಿದ್ಯುತ್ ಉದ್ಯಮದ ಆ ಎಕ್ಸಿಬಿಷನ್ನಿನಲ್ಲಿ, ಟಾಯ್ಲೆಟ್ಟಿನ ಪಕ್ಕದ ನಮ್ಮ ಸ್ಟಾಲಿನಲ್ಲಿ, ಮೂರು ದಿನ ಇದನ್ನೇ ಹೇಳಿ ಹೇಳಿ ಅವರ ಗಂಟಲು ಕಟ್ಟಿತ್ತು.

ಎರಡನೇ ದಿನ ಅವರು ಚಹಾಕ್ಕೆ ಹೋಗಿದ್ದಾಗ ಒಬ್ಬರು ಬಂದರು. ಮಹದೇವಪುರದ ಕಾರ್ಖಾನೆಯೊಂದರಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದವರು, ಅದು ಮುಚ್ಚಿತ್ತು. ವಯಸ್ಸು ನಲವತ್ತೆಂಟು. ಜನರನ್ನು ಹುಡುಕಿಕೊಡಿ ಅಂತ ನಮಗೆ ಹೇಳಿದ್ದ ಕಂಪನಿ ಮೂವತ್ತೈದು ದಾಟಿದವರನ್ನು ಮುಟ್ಟುತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಎದುರು ಸ್ಟಾಲಿನ ಟೈ ಕಟ್ಟಿದವನ ದನಿ ಆಗಷ್ಟೇ ನನ್ನ ಬಾಯಿಗೆ ಕೂತಿತ್ತು. "ಡೆಫಿನೆಟ್ಲಿ ಸಾರ್! ನಾವೇ ಫೋನ್ ಮಾಡ್ತೀವಿ" ಅಂದುಬಿಟ್ಟೆ. ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕುಲುಕಿ ಹೋದರು.

ಹತ್ತು ದಿನದ ಮೇಲೆ ಅರ್ಜಿ ಜೋಡಿಸುವಾಗ ಅವರು ಕೊಟ್ಟು ಹೋಗಿದ್ದು ಮೇಡಂ ಕೈಗೆ ಸಿಕ್ಕಿತು.

"ಇವ್ರಿಗೆ ಏನ್ ಹೇಳಿದಿ?"

"ಫೋನ್ ಮಾಡ್ತೀವಿ ಅಂದೆ ಮೇಡಂ. ಎಲ್ರೂ ಹಂಗೇ ಅಲ್ವಾ ಅನ್ನೋದು?"

ಅವರು ಚಪ್ಪಲಿ ಮೆಟ್ಟಿಕೊಂಡರು. "ನಡಿ, ಕೆ.ಆರ್. ಪುರಕ್ಕ."

"ಈ ಬಿಸಿಲಲ್ಲಿ ಯಾಕೆ ಮೇಡಂ, ಫೋನಲ್ಲೇ ಹೇಳ್ಬಿಡೋಣ."

"ನಂಬರಿನ ಮುಂದ ಪಿ.ಪಿ. ಅಂತ ಬರದಾರ ನೋಡು. ಪಕ್ಕದ ಮನಿ ಫೋನು. ಅವ್ರ ಮನ್ಯಾಗ, ಅವ್ರೆಲ್ಲಾರ ಮುಂದ ನಿಂತು ಆ ಮನಷ್ಯಾ 'ಇಲ್ಲ' ಅನ್ನೋದನ್ನ ಕೇಳಬೇಕೇನು?"

ನಾವು ಹೋದಾಗ ಅರ್ಜಿ ಕೊಟ್ಟವರು ಪಕ್ಕದ ಮನೆಯ ಜಗಲಿಯಲ್ಲೇ ಬನಿಯನ್ನಿನಲ್ಲಿ ಕೂತಿದ್ದರು, ಫೋನಿನ ಗಂಟೆ ಕೇಳುವಷ್ಟು ಹತ್ತಿರ. ನನ್ನನ್ನು ಕಂಡು ದಡಬಡ ಎದ್ದು ತಮ್ಮ ಮನೆಯೊಳಗೆ ಕರೆದರು. "ನೀವೇ ಬಂದ್ಬಿಟ್ರಾ ಸಾರ್! ಕಲ್ಯಾಣ ಮಂಟಪದೋರು ಜನರೇಟರ್ ಕೆಲಸಕ್ಕೆ ಕರೆದಿದ್ರು. ನಿಮ್ಮ ಫೋನ್ ಬರುತ್ತಲ್ಲ ಅಂತ ಬೇಡ ಅಂದ್ಬಿಟ್ಟೆ."

ಮೇಡಂ ನನ್ನ ಕಡೆ ನೋಡಿದರು.

"ಆಕ್ಚುಯಲಿ ಸಾರ್, ಏನಾಗಿದೆ ಅಂದ್ರೆ..." ಟೈ ಕಟ್ಟಿದವನೇ ಮತ್ತೆ ಬಂದ.

"ನಿನ್ನ ದನಿಯೊಳಗ ಹೇಳಪಾ" ಅಂದರು ಮೇಡಂ, ಮೆಲ್ಲಗೆ.

ಅದು ಹೇಗಿರುತ್ತದೆ ಅಂತ ಹುಡುಕಬೇಕಾಯಿತು. "ಆಗಲ್ಲ ಸಾರ್. ವಯಸ್ಸು ಜಾಸ್ತಿ ಅಂತಾರೆ. ಅವತ್ತೇ ನಂಗೆ ಗೊತ್ತಿತ್ತು."

ಅವರು ಬಯ್ಯಲಿಲ್ಲ. ಅಂಗಿ ಹಾಕಿಕೊಂಡು, "ಮಂಟಪದೋರನ್ನ ಕೇಳ್ಕೊಂಡ್ ಬರ್ತೀನಿ" ಅಂತ ನಮ್ಮ ಜೊತೆಗೇ ಹೊರಟರು. ಆ ಕೆಲಸ ಬೇರೆಯವರಿಗೆ ಹೋಗಿತ್ತು ಅಂತ ಆಮೇಲೆ ತಿಳಿಯಿತು.

ವಾಪಸು ಬಸ್ಸಿನಲ್ಲಿ ಸೀಟಿರಲಿಲ್ಲ. ಇಳಿಯುವಾಗ ಮೇಡಂ ಅಂದರು: "ಅವ್ರ ಹತ್ತು ದಿನ ತಿಂದಿ ನೋಡಪಾ."

ಎರಡು ವರ್ಷದ ಮೇಲೆ ಮೇಡಂ ತೀರಿಕೊಂಡರು. ಅದಕ್ಕೆ ನಾಲ್ಕು ದಿನ ಮುಂಚೆ, ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಮೇಡಂ ತಂಗಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಅದೇ ಡಾಕ್ಟರು ಒಳಗೆ ಬಂದು, "ನೋಡೋಣ, ಟ್ರೈ ಮಾಡ್ತಿದೀವಿ" ಅಂತ ನಕ್ಕು ಹೋದರು.

"ಇವ್ರೂ ಫೋನ್ ಮಾಡ್ತೀವಿ ಅಂತಾರ ನೋಡು" ಅಂದರು ಮೇಡಂ.

ನಗಿಸೋಣ ಅಂತ ಡಾಕ್ಟರ ದನಿ ಎತ್ತಿದೆ. ಅವರು ನಗಲಿಲ್ಲ. ಕಾದರು.

"ಆಗಲ್ಲಂತೆ ಮೇಡಂ" ಅಂದೆ.

"ಹೂಂ." ಚಾದರದ ಹೊರಗೆ ಕಾಲು ಚಾಚಿದರು. "ಹಂಗಾರ ಅರ್ಜಿ ಕೊಟ್ಟವ್ರಿಗೆಲ್ಲಾ ನಾಳೆನ ಹೇಳಿಬಿಡು. ನಮ್ಮ ಹಾದಿ ಕಾಯಬ್ಯಾಡ್ರಿ ಅಂತ."

ಪಿ.ಪಿ. ನಂಬರಿನವರು ಹನ್ನೊಂದು ಜನ ಇದ್ದರು. ಬಸ್ಸು ಹತ್ತಿ, ಬಾಣಸವಾಡಿಯಿಂದ ಶುರು ಮಾಡಿದೆ.