ಮುನಿಕೃಷ್ಣಮ್ಮ ತುಂಬಿದ ಪತ್ರಗಳು

ಮುನಿಕೃಷ್ಣಮ್ಮನವರದು ಮುತ್ತಿನಂಥ ಅಕ್ಷರ. ಜಕ್ಕೂರಿನ ಹಳೇ ಊರಿನವರು. ಇಪ್ಪತ್ತೆರಡು ವರ್ಷದಿಂದ ಯಶವಂತಪುರದ ನಮ್ಮ ಕೆಮಿಕಲ್ ಗೋಡೌನಿನಲ್ಲಿ ಸ್ಟೋರ್ ಕೀಪರ್. ಯಾವುದಾದರೂ ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಬಾಗಿಲಲ್ಲೇ ವಾಸನೆ ಹಿಡಿದು, ಲೋಡಿಂಗ್ ನೋಡಿಕೊಳ್ಳುವ ನನಗೆ ಮಂಗಳಾರತಿ ಮಾಡುತ್ತಿದ್ದರು. ನನಗೂ ಕೋಪ ಬರುತ್ತಿತ್ತು, ಆದರೆ ಎದುರು ಮಾತಾಡುವ ಧೈರ್ಯ ಬರುತ್ತಿರಲಿಲ್ಲ.

ನಮ್ಮ ಕೆಲವು ಸರಕು ಶಾಯಿ ಮಾಡುವುದಕ್ಕೂ ಬೇಕು, ಕೆಟ್ಟವರ ಕೈಗೆ ಸಿಕ್ಕರೆ ವಿಷಾನಿಲಕ್ಕೂ ಆಗುತ್ತದೆ. ಅದಕ್ಕೇ ಕೊಳ್ಳುವವರು ‘ಆಯುಧಕ್ಕೆ ಬಳಸುವುದಿಲ್ಲ’ ಎಂದು ಪ್ರತಿ ಸಲವೂ ಪತ್ರ ಬರೆದುಕೊಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಗಿರಾಕಿಗಳು ಖಾಲಿ ಲೆಟರ್‌ಹೆಡ್‌ಗೆ ಸಹಿ ಹಾಕಿ, ಸೀಲು ಒತ್ತಿ, ಹತ್ತಿಪ್ಪತ್ತು ಹಾಳೆ ನಮ್ಮಲ್ಲೇ ಬಿಟ್ಟು ಹೋಗುತ್ತಿದ್ದರು. ಸರಕು ಹೊರಟಾಗಲೆಲ್ಲ ಮುನಿಕೃಷ್ಣಮ್ಮ ಒಂದು ಹಾಳೆ ತುಂಬುತ್ತಿದ್ದರು. ಇದು ತಪ್ಪೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ನಾಚಿಕೆಗೇಡು.

ಕಳೆದ ತಿಂಗಳು ಹೆಬ್ಬಾಳದ ಒಂದು ಹೋಟೆಲಿನಲ್ಲಿ ಅಧಿಕಾರಿಗಳು, ವ್ಯಾಪಾರಿಗಳು ಸೇರಿದ ಸಭೆ ಇತ್ತು. ಮಾರುವವರೇ ಗಿರಾಕಿಯ ಜಾಗಕ್ಕೆ ಹೋಗಿ ನೋಡಬೇಕೆಂದು ಹೊಸ ನಿಯಮ ತರುವುದೋ, ಪತ್ರವೊಂದೇ ಸಾಕೋ ಎಂಬ ಚರ್ಚೆ. ಪತ್ರವೇ ಸಾಕು ಎಂದು ಹೇಳಿಸಲು ನಮ್ಮ ಮಾಲೀಕ ಕೃಷ್ಣಯ್ಯ ಮುನಿಕೃಷ್ಣಮ್ಮನವರನ್ನು ಕರೆತಂದಿದ್ದರು, ಜೊತೆಗೆ ನನ್ನನ್ನೂ.

ಆದರೆ ಅವತ್ತು ಬೆಳಿಗ್ಗೆಯೇ ಮುನಿಕೃಷ್ಣಮ್ಮನವರಿಗೆ ಒಂದು ಸಂಗತಿ ತಿಳಿದಿತ್ತು. ನಮ್ಮಿಂದ ಸರಕು ಕೊಳ್ಳುತ್ತಿದ್ದ ಒಂದು ಶಾಯಿ ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಅದರ ಹೆಸರಲ್ಲಿ ಹಿಂದಿನ ವಾರವಷ್ಟೇ ಆರು ಕ್ಯಾನ್ ಹೋಗಿದ್ದವು. ಯಾರು ಒಯ್ದರೋ!

“ಇವತ್ತೊಂದಿನ ಸುಮ್ನಿರಮ್ಮ, ಆಮೇಲೆ ನೋಡೋಣ,” ಎಂದಿದ್ದರು ಕೃಷ್ಣಯ್ಯ.

“ರಿಟೈರ್ ಆಗೋಕೆ ಎರಡೇ ವರ್ಷ ಇದೆ ಅಕ್ಕ. ನಿಮಗ್ಯಾಕೆ ಊರ ಉಸಾಬರಿ?” ಎಂದು ನಾನೂ ಗೊಣಗಿದ್ದೆ.

ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಅವರನ್ನು ಎಬ್ಬಿಸಿ ಕೇಳಿದರು: “ಪತ್ರ ಇಲ್ಲದೆ ಒಂದಾದ್ರೂ ಕ್ಯಾನ್ ಹೊರಗೆ ಹೋಗಿದೆಯಾ?”

“ಇಲ್ಲ ಸಾರ್.”

ಕೃಷ್ಣಯ್ಯನವರ ಮುಖ ಅರಳಿತು.

“ಆದ್ರೆ ಪತ್ರ ಎಲ್ಲಾ ನಾನೇ ಬರ್ದಿದ್ದು ಸಾರ್. ಅವ್ರು ಬರೀ ಸೈನ್ ಹಾಕಿ ಇಟ್ಟೋಗ್ತಾರೆ. ಬಾಗ್ಲು ಮುಚ್ಚಿರೋ ಕಾರ್ಖಾನೆ ಹೆಸರಲ್ಲೂ ಇಂಗೇ ಬರ್ದೆ. ಆರು ಕ್ಯಾನ್ ಓಗ್ಬಿಟ್ವು.”

ಬೇರೆ ಗೋಡೌನಿನವರೆಲ್ಲ ತಲೆ ತಗ್ಗಿಸಿದರು. ಅವರ ಬೀರುಗಳಲ್ಲೂ ಅಂಥ ಹಾಳೆಗಳಿದ್ದವು. ಕೃಷ್ಣಯ್ಯ ಹಲ್ಲು ಕಚ್ಚಿ, “ನಾಳೆಯಿಂದ ಕೆಲಸಕ್ಕೆ ಬರ್ಬೇಡಿ,” ಎಂದರು.

ಅಧಿಕಾರಿಯ ದನಿ ಗಡುಸಾಯಿತು. “ಆ ಕ್ಯಾನ್ ಈಗ ಎಲ್ಲಿವೆ? ಗಾಡಿಗೆ ತುಂಬಿದ್ದು ಯಾರು?”

ಮುನಿಕೃಷ್ಣಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಎಲ್ಲಿವೆಯೋ ಗೊತ್ತಿಲ್ಲ ಸಾರ್. ಪತ್ರ ಬರ್ದಿದ್ದು ನಾನು, ನನ್ನನ್ನೇ ಕೇಳಿ.”

ತುಂಬಿದ ಪ್ರತಿ ಗಾಡಿಯ ಫೋಟೊ ನನ್ನ ಫೋನಿನಲ್ಲಿರುತ್ತದೆ, ನಂಬರ್ ಸಮೇತ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು.

ಎದ್ದು ನಿಂತೆ. “ತುಂಬಿದ್ದು ನಾನು ಸಾರ್.”

“ಕೂತ್ಕೊಳ್ಳೋ ಗೋಪಿ, ಚಿಕ್ಕ ಮಕ್ಕಳವ್ರೆ ನಿಂಗೆ,” ಎಂದು ಮುನಿಕೃಷ್ಣಮ್ಮ ಗದರಿದರು.

ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಮಾತು ಮೀರಿ, ಫೋನ್ ತೆಗೆದು ಅಧಿಕಾರಿಯ ಕೈಗಿಟ್ಟೆ.