ರಾಜನ ತಲೆಯ ಮೇಲಿನ ಕೈ

ಚೆಸ್ ಕ್ಲಬ್ಬಿನಲ್ಲಿ ನಮ್ಮ ಟೈಲರನಷ್ಟು ಬೇಗ ಸೋಲೊಪ್ಪಿಕೊಳ್ಳುವವನು ಇನ್ನೊಬ್ಬನಿರಲಿಲ್ಲ. ಒಂದು ಕುದುರೆ ಹೋದರೆ ಸಾಕು, ಎದೆ ಡವಡವ. ಮರುಗಳಿಗೆಯಲ್ಲೇ ತನ್ನ ರಾಜನನ್ನು ಮಲಗಿಸಿ, ಎದುರಾಳಿಯ ಕೈ ಕುಲುಕಿ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ಅಂಗಡಿಯಲ್ಲೂ ಅದೇ ಬುದ್ಧಿ. ಗಿರಾಕಿ ಹೊಸ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿದರೆ, ಬಾಯಿ ಬಿಡುವ ಮೊದಲೇ "ಬಿಚ್ಚಿ ಕೊಡಿ ಸಾರ್, ಮತ್ತೆ ಹೊಲೀತೀನಿ" ಎನ್ನುವ ಪುಣ್ಯಾತ್ಮ! ಎಷ್ಟೋ ಸಲ ಗಿರಾಕಿ ಹುಬ್ಬು ಗಂಟಿಕ್ಕಿದ್ದು ಕನ್ನಡಿಯ ಧೂಳಿಗೆ.

ಇದು ಅವನೊಬ್ಬನ ಹಣೆಬರಹವಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಮಗಳಿಗೂ ಆಟ ಕಲಿಸಿದ್ದ. ಹೋದ ವಾರ ಅವಳೂ ಹೆದರಿ ಸೋಲೊಪ್ಪಿಕೊಂಡಳು. ಆಮೇಲೆ ನೋಡಿದರೆ ಆ ಆಟ ಡ್ರಾ ಮಾಡಿಕೊಳ್ಳಬಹುದಿತ್ತು. ಮನೆಗೆ ಬಂದವಳೇ ಬೋರ್ಡನ್ನು ಅಟ್ಟಕ್ಕೆ ಹಾಕಿದಳು.

"ನಿನ್ನ ಹಾಗೇ ಆಗ್ಬಿಟ್ಟಿದ್ದೀನಪ್ಪಾ. ಇನ್ಮೇಲೆ ಆಡಲ್ಲ."

ಅಪ್ಪನ ಕರುಳು ಚುರುಕ್ ಎಂದಿತು. ಗೋಗರೆದದ್ದೇ ಗೋಗರೆದದ್ದು. ಕೊನೆಗೆ ಅವಳೇ ಕರಾರು ಹಾಕಿದಳು: "ಒಂದೇ ಒಂದು ಆಟ, ಚೆಕ್‌ಮೇಟ್ ಆಗೋವರೆಗೂ ಏಳದೆ ಆಡು. ಆಗ ನಾನೂ ಮತ್ತೆ ಆಡ್ತೀನಿ. ಮಧ್ಯದಲ್ಲಿ ಎದ್ಯೋ, ಬೋರ್ಡ್ ಅಟ್ಟದಲ್ಲೇ ಇರುತ್ತೆ."

ಭಾನುವಾರ ಕ್ಲಬ್ಬಿನಲ್ಲಿ ಅವನೆದುರು ಕೂತವರು ಪೋಸ್ಟ್ ಮಾಸ್ತರು. ಮಗಳು ಅವನ ಕುರ್ಚಿಯ ಹಿಂದೆ ನಿಂತಳು. ಗ್ರಹಚಾರ ನೋಡಿ, ಆಟ ಅರ್ಧವಾಗುವಷ್ಟರಲ್ಲಿ ಮಂತ್ರಿಯೇ ಹೋಯಿತು! ಮಾಸ್ತರು ಆಕಳಿಸಿ ಮೇಜಿನ ಮೇಲೆ ಬೆರಳು ಕುಟ್ಟತೊಡಗಿದರು. ಆ ಸದ್ದು ತನಗೆ "ಏಳಯ್ಯಾ" ಎಂದು ಹೇಳುತ್ತಿದೆ ಅನ್ನಿಸಿತು ಟೈಲರನಿಗೆ. ಪಾಪ, ದೊಡ್ಡ ಮನುಷ್ಯರು, ಅವರ ಸಮಯ ಯಾಕೆ ಹಾಳು ಮಾಡಬೇಕು? ಹಾಗೆಂದುಕೊಳ್ಳುವಷ್ಟರಲ್ಲಿ ಹಾಳು ಅಭ್ಯಾಸದ ಕೈ ತಾನಾಗಿ ಹೋಗಿ ರಾಜನ ತಲೆ ಹಿಡಿದಿತ್ತು.

ಹಿಂದೆ ಮಗಳ ಉಸಿರು ನಿಂತದ್ದು ಅವನಿಗೆ ಕೇಳಿಸಿತು.

"ಒಪ್ಕೊಂಡ ಹಾಗೇನಾ?" ಎಂದರು ಮಾಸ್ತರು.

ಮುಟ್ಟಿದ ಕಾಯನ್ನು ನಡೆಸಲೇಬೇಕು, ಅದು ಆಟದ ನಿಯಮ. ನಡೆಸಬೇಕು, ಇಲ್ಲವೇ ಮಲಗಿಸಬೇಕು. ಟೈಲರ್ ರಾಜನನ್ನು ಬೋರ್ಡಿನಿಂದ ಮೇಲೆತ್ತಿದ.

"ಇಲ್ಲ ಸಾರ್. ನಡೆಸ್ತೀನಿ."

ಒಂದು ಮನೆ ಎಡಕ್ಕೆ ಇಟ್ಟ. ಮಾಸ್ತರ ಬೆರಳು ಕುಟ್ಟುವುದು ನಿಂತಿತು. ಮುಂದೆ ಪ್ರತಿ ನಡೆಗೂ ಟೈಲರನಿಗೆ ಜೀವ ಹೋಗಿ ಬಂದಂತಾಗುತ್ತಿತ್ತು. ಆದರೂ ಕುಂಡೆ ಕುರ್ಚಿ ಬಿಡಲಿಲ್ಲ. ಪವಾಡ ಏನೂ ಆಗಲಿಲ್ಲ ಬಿಡಿ. ಕೊನೆಗೆ ಮಾಸ್ತರು ಆನೆಯನ್ನು ತಂದಿಟ್ಟು, "ಚೆಕ್‌ಮೇಟ್" ಎಂದರು.

ಟೈಲರ್ ಬೋರ್ಡನ್ನೇ ನೋಡಿದ. ಇಷ್ಟು ವರ್ಷ ಹೆದರಿ ಓಡಿದ್ದು ಇದಕ್ಕೇನಾ? ಕೈ ಕುಲುಕಿ, ಅಭ್ಯಾಸದಂತೆ ಕಾಲಿನಲ್ಲಿ ಚಪ್ಪಲಿ ಹುಡುಕತೊಡಗಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವನ ರಾಜನನ್ನು ಎತ್ತಿ ನಾಲ್ಕಾರು ನಡೆಗಳ ಹಿಂದೆ ಅದು ನಿಂತಿದ್ದ ಮನೆಗೆ ಇಟ್ಟಿತು.

"ಅಯ್ಯೋ ಅಪ್ಪಾ, ಇಲ್ಲಿಂದ ಈ ಮೂಲೆಗೆ ಹೋಗಿದ್ರೆ ಮಾಸ್ತರಿಗೆ ಬೆವರಿಳೀತಿತ್ತು! ಏಳ್ಬೇಡ, ಕೂತ್ಕೋ. ಈಗ ನಾವಿಬ್ರೂ ಆಡೋಣ, ಕಪ್ಪು ಕಾಯಿ ನಂಗೆ."

ಟೈಲರ್ ಚಪ್ಪಲಿಯನ್ನು ಕುರ್ಚಿಯ ಕೆಳಕ್ಕೆ ತಳ್ಳಿ ಕೂತ.